ಅಲ್ಯೂಮಿನಿಯಂ ಎಂಜಿನ್‌ನಲ್ಲಿ ಬೋಲ್ಟ್ ಥ್ರೆಡ್ ಹೋದರೆ: ಹೆಲಿಕಾಯಿಲ್ ಹಾಕುವ ಕ್ರಮ

ಬೈಕಿನ ಕ್ಲಚ್ ಕವರ್‌ನ ಬೋಲ್ಟ್ ಇನ್ನೇನು ಬಿಗಿಯಾಯಿತು ಅನ್ನುವಷ್ಟರಲ್ಲಿ ಮೆತ್ತಗೆ ಜಾರಿ, ಆಮೇಲೆ ಎಷ್ಟು ತಿರುಗಿಸಿದರೂ ಸುಮ್ಮನೆ ಸುತ್ತುತ್ತಿದ್ದರೆ ಒಳಗಿನ ಥ್ರೆಡ್ ಹೋಗಿದೆ. ಆಗ ಬಹಳ ಕಡೆ ಬೋಲ್ಟಿಗೆ ಟೆಫ್ಲಾನ್ ಟೇಪ್ ಸುತ್ತುತ್ತಾರೆ, ಅರಾಲ್ಡೈಟ್ ಮೆತ್ತುತ್ತಾರೆ, ಇಲ್ಲವೇ ಸ್ವಲ್ಪ ದಪ್ಪನೆಯ ಬೋಲ್ಟ್ ತಂದು ಬಲವಂತವಾಗಿ ಹತ್ತಿಸುತ್ತಾರೆ. ಟೇಪಿಗೆ ಹಿಡಿತವೇ ಇಲ್ಲ. ಅಂಟು ಎಂಜಿನ್ ಬಿಸಿಗೆ ಮೆದುವಾಗುತ್ತದೆ. ದಪ್ಪ ಬೋಲ್ಟ್ ತೂತಿನ ಸುತ್ತಲಿನ ಅಲ್ಯೂಮಿನಿಯಂ ಗೋಡೆಯನ್ನೇ ಸೀಳುತ್ತದೆ, ಆಗ ಸಣ್ಣ ರಿಪೇರಿ ಹೋಗಿ ಎಂಜಿನ್ ಕೇಸ್ ಬದಲಿಸುವ ಖರ್ಚು ಬೀಳುತ್ತದೆ.

ಇದಕ್ಕೆ ಸರಿಯಾದ ರಿಪೇರಿ ಇದೆ, ಮನೆಯಲ್ಲೇ ಮಾಡಬಹುದು. ಹೋದ ಥ್ರೆಡ್ಡನ್ನು ಡ್ರಿಲ್ ಮಾಡಿ ತೆಗೆದು, ಸ್ವಲ್ಪ ದೊಡ್ಡ ಥ್ರೆಡ್ ಹೊಡೆದು, ಅದರೊಳಗೆ ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಸುರುಳಿ ಕೂರಿಸುವುದು. ಇದನ್ನೇ ಹೆಲಿಕಾಯಿಲ್ ಅನ್ನುತ್ತೇವೆ. ಸುರುಳಿಯ ಒಳಮೈ ಹಳೆಯ ಬೋಲ್ಟಿನದೇ ಅಳತೆಯ ಥ್ರೆಡ್ ಆಗಿರುತ್ತದೆ. ಸರಿಯಾಗಿ ಕೂತರೆ ಇದು ಕಂಪನಿಯಿಂದ ಬಂದ ಥ್ರೆಡ್‌ಗಿಂತ ಗಟ್ಟಿ. ಏಕೆಂದರೆ 6 ಮಿ.ಮೀ. ಬೋಲ್ಟಿನ ಎಳೆತವನ್ನು ಈಗ ಸುಮಾರು 7.3 ಮಿ.ಮೀ. ಅಗಲದ ಅಲ್ಯೂಮಿನಿಯಂ ಥ್ರೆಡ್ ಹೊರುತ್ತದೆ. ಬೋಲ್ಟ್ ಉಜ್ಜುವುದೂ ಮೆತ್ತನೆಯ ಅಲ್ಯೂಮಿನಿಯಂ ಮೇಲಲ್ಲ, ಸ್ಟೀಲ್ ಮೇಲೆ. ಹತ್ತಾರು ಸಲ ಬಿಚ್ಚಿ ಹಾಕಿದರೂ ಸವೆಯುವುದಿಲ್ಲ.

ಮೊದಲು ಹೋಗಿರುವುದು ಏನೆಂದು ನೋಡಿ

ಬೋಲ್ಟ್ ಹೊರತೆಗೆದು ಬೆಳಕಿಗೆ ಹಿಡಿಯಿರಿ. ಥ್ರೆಡ್ಡಿನ ಸಂದಿನಲ್ಲಿ ಬಿಳಿ ಹೊಳಪಿನ ಸಣ್ಣ ತಂತಿ ಸುತ್ತಿಕೊಂಡಿದ್ದರೆ ಅದು ಕೇಸಿನ ಅಲ್ಯೂಮಿನಿಯಂ ಥ್ರೆಡ್ಡೇ, ಕಿತ್ತು ಬಂದಿದೆ. ಏನೂ ಇಲ್ಲದೆ ಬೋಲ್ಟಿನ ತುದಿ ಮಾತ್ರ ಸವೆದಿದ್ದರೆ ಅದೇ ಅಳತೆಯ ಹೊಸ ಬೋಲ್ಟನ್ನು ಕೈಯಲ್ಲೇ ಹಾಕಿ ನೋಡಿ. ಎಷ್ಟೋ ಸಲ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಎರಡನೆಯ ಪರೀಕ್ಷೆಯನ್ನು ಬಿಡಲೇಬೇಡಿ. ಪೊರಕೆ ಕಡ್ಡಿಯೊಂದನ್ನು ತೂತಿನ ತಳ ಮುಟ್ಟುವವರೆಗೆ ಇಳಿಸಿ, ಗುರುತು ಮಾಡಿ, ಆಳ ಅಳೆಯಿರಿ. ಬೋಲ್ಟನ್ನು ಕವರ್‌ನಲ್ಲಿ ತೂರಿಸಿ, ಹಿಂದೆ ಎಷ್ಟು ಹೊರಗೆ ಬರುತ್ತದೆಂದೂ ಅಳೆಯಿರಿ. ಬೋಲ್ಟ್ 5 ಮಿ.ಮೀ. ಮಾತ್ರ ಇಳಿಯುತ್ತಿದ್ದು ತೂತು 16 ಮಿ.ಮೀ. ಆಳವಿದ್ದು, ಕೆಳಗಿನ ಭಾಗದಲ್ಲೂ ಥ್ರೆಡ್ ಕಂಡರೆ ಹಳೆಯದಕ್ಕಿಂತ 9 ಮಿ.ಮೀ. ಹೆಚ್ಚು ಉದ್ದದ ಬೋಲ್ಟ್ ಸಾಕು, ಡ್ರಿಲ್ ಮುಟ್ಟುವುದೇ ಬೇಡ. ಆದರೆ ಬೋಲ್ಟಿನ ತುದಿಗೂ ತಳಕ್ಕೂ ನಡುವೆ ಕನಿಷ್ಠ 1.5 ಮಿ.ಮೀ. ಜಾಗ ಉಳಿಯಬೇಕು. ತಳ ಮುಟ್ಟಿದ ಬೋಲ್ಟ್ ಕೈಗೆ ಬಿಗಿಯಾದಂತೆ ಅನ್ನಿಸುತ್ತದೆ, ಕವರನ್ನು ಮಾತ್ರ ಒತ್ತಿರುವುದಿಲ್ಲ. ಇನ್ನೂ ತಿರುಗಿಸಿದರೆ ಕೇಸ್ ಸೀಳುತ್ತದೆ. ತೂತಿನ ತಳದಲ್ಲಿ ಆಯಿಲ್ ನಿಂತಿದ್ದರೂ ಇದೇ ಅಪಾಯ, ಆಯಿಲ್‌ಗೆ ತಪ್ಪಿಸಿಕೊಳ್ಳಲು ದಾರಿಯಿರುವುದಿಲ್ಲ. ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿ ತೆಗೆಯಿರಿ.

ಕವರ್ ಥ್ರೆಡ್‌ಗಳು ಹೋಗುವ ಮುಖ್ಯ ಕಾರಣವೂ ಇಲ್ಲೇ ಇದೆ. ಒಂದೇ ಕವರ್‌ನಲ್ಲಿ ಎರಡು ಮೂರು ಉದ್ದದ ಬೋಲ್ಟ್‌ಗಳಿರುತ್ತವೆ. ಬಿಚ್ಚುವಾಗ ಎಲ್ಲವನ್ನೂ ಒಂದೇ ಡಬ್ಬಿಗೆ ಹಾಕಿ, ಜೋಡಿಸುವಾಗ ಉದ್ದನೆಯದರ ಜಾಗಕ್ಕೆ ಗಿಡ್ಡನೆಯದು ಹೋದರೆ ನಾಲ್ಕೇ ಥ್ರೆಡ್ ಪೂರ್ತಿ ಭಾರ ಹೊರಬೇಕಾಗುತ್ತದೆ. ಸ್ಟೀಲ್‌ನಲ್ಲಿ ಬೋಲ್ಟಿನ ದಪ್ಪದಷ್ಟು ಆಳ ಹಿಡಿದರೆ ಸಾಕು. ಅಲ್ಯೂಮಿನಿಯಂನಲ್ಲಿ ಅದರ ಒಂದೂವರೆ ಪಟ್ಟಿನಿಂದ ಎರಡು ಪಟ್ಟು ಬೇಕು, ಅಂದರೆ 6 ಮಿ.ಮೀ. ಬೋಲ್ಟಿಗೆ 9ರಿಂದ 12 ಮಿ.ಮೀ. ರಟ್ಟಿನ ಮೇಲೆ ಕವರ್‌ನ ಆಕಾರ ಬರೆದು, ಬಿಚ್ಚಿದ ಬೋಲ್ಟನ್ನು ಆಯಾ ಜಾಗದಲ್ಲೇ ಚುಚ್ಚಿಡಿ. ಎರಡು ನಿಮಿಷದ ಕೆಲಸ, ಎಷ್ಟೋ ಥ್ರೆಡ್‌ಗಳು ಉಳಿಯುತ್ತವೆ.

ಅಳತೆ ಮತ್ತು ಸಾಮಾನು

ಗ್ಯಾರೇಜಿನಲ್ಲಿ 10 ನಂಬರ್ ಬೋಲ್ಟ್ ಅಂದರೆ 10ರ ಪಾನಾ ಹಿಡಿಯುವ ಬೋಲ್ಟ್. ಅದರ ಥ್ರೆಡ್ ಸಾಮಾನ್ಯವಾಗಿ 6 ಮಿ.ಮೀ. 8ರ ಪಾನಾ ಹಿಡಿಯುವ, ತಲೆಗೇ ಅಗಲ ಅಂಚಿರುವ ಕವರ್ ಬೋಲ್ಟ್ ಕೂಡ ಹೆಚ್ಚಾಗಿ 6 ಮಿ.ಮೀ.ನದೇ. 12 ಅಥವಾ 13ರ ಪಾನಾದ್ದು 8 ಮಿ.ಮೀ. ಅಂಗಡಿಯಲ್ಲಿ ಪಾನಾ ನಂಬರ್ ಹೇಳಿದರೆ ತಪ್ಪು ಕಿಟ್ ಕೈಗೆ ಬರುತ್ತದೆ. ಹಳೆಯ ಬೋಲ್ಟನ್ನೇ ತೆಗೆದುಕೊಂಡು ಹೋಗಿ, ವರ್ನಿಯರ್‌ನಲ್ಲಿ ದಪ್ಪ ಅಳೆದು, ಪಿಚ್ ಗೇಜಿನಲ್ಲಿ ಥ್ರೆಡ್ಡಿನ ಪಿಚ್, ಅಂದರೆ ಒಂದು ಥ್ರೆಡ್ಡಿಗೂ ಮುಂದಿನದಕ್ಕೂ ಇರುವ ಅಂತರ, ನೋಡಿಸಿ. ಬೆಂಗಳೂರಿನ ಎಸ್‌ಜೆಪಿ ರಸ್ತೆಯಂಥ ಹಾರ್ಡ್‌ವೇರ್ ಬೀದಿಗಳಲ್ಲೂ ಆನ್‌ಲೈನಲ್ಲೂ ಒಂದೊಂದು ಅಳತೆಯ ಕಿಟ್ ಬಿಡಿಯಾಗಿ ಸಿಗುತ್ತದೆ. ಹತ್ತು ಅಳತೆಯ ದೊಡ್ಡ ಪೆಟ್ಟಿಗೆ ಕೊಳ್ಳುವುದಕ್ಕಿಂತ ಎಂ6 ಮತ್ತು ಎಂ8ರ (6 ಮತ್ತು 8 ಮಿ.ಮೀ. ಥ್ರೆಡ್ಡಿನ) ಒಳ್ಳೆಯ ಕಿಟ್ ಎರಡು ಕೊಳ್ಳುವುದು ಮೇಲು. ಅಗ್ಗದ ಪೆಟ್ಟಿಗೆಯ ಟ್ಯಾಪ್‌ಗಳು, ಅಂದರೆ ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣಗಳು, ಮೊಂಡಾಗಿರುತ್ತವೆ.

ಕಿಟ್‌ನಲ್ಲಿ ಡ್ರಿಲ್ ಬಿಟ್, ವಿಶೇಷ ಟ್ಯಾಪ್, ಸುರುಳಿ ಕೂರಿಸುವ ಹಿಡಿಕೆ, ಸುರುಳಿಯ ತುದಿಯ ಬಾಲ ಮುರಿಯುವ ಪಂಚ್ ಮತ್ತು ಸುರುಳಿಗಳು ಇರಬೇಕು. ಮಾಮೂಲಿ ಎಂ7 ಅಥವಾ ಎಂ8 ಟ್ಯಾಪ್ ಇದಕ್ಕೆ ಬರುವುದಿಲ್ಲ. ಹೆಲಿಕಾಯಿಲ್ ಟ್ಯಾಪ್‌ನ ಪಿಚ್ ಮೂಲ ಬೋಲ್ಟಿನದೇ ಆಗಿರುತ್ತದೆ, ದಪ್ಪ ಮಾತ್ರ ಹೆಚ್ಚು. ಡ್ರಿಲ್ ಅಳತೆಗಳು ಹೀಗೆ:

ಎಂ6, ಪಿಚ್ 1.0: ಡ್ರಿಲ್ 6.3 ಮಿ.ಮೀ.
ಎಂ8, ಪಿಚ್ 1.25: ಡ್ರಿಲ್ 8.3 ಅಥವಾ 8.4 ಮಿ.ಮೀ.
ಎಂ10, ಪಿಚ್ 1.25: ಡ್ರಿಲ್ 10.3 ಅಥವಾ 10.4 ಮಿ.ಮೀ.
ಎಂ12, ಪಿಚ್ 1.5: ಡ್ರಿಲ್ 12.4 ಅಥವಾ 12.5 ಮಿ.ಮೀ.

ಕಿಟ್ ಮೇಲೆ ಬೇರೆ ಅಳತೆ ಬರೆದಿದ್ದರೆ ಅದನ್ನೇ ಪಾಲಿಸಿ. 6.3 ಸಿಗಲಿಲ್ಲವೆಂದು 6.5ರ ಬಿಟ್ ಹಾಕಿದರೆ ಟ್ಯಾಪ್ ಆರಾಮವಾಗಿ ಇಳಿಯುತ್ತದೆ, ಆದರೆ ಥ್ರೆಡ್ಡಿನ ಎತ್ತರ ಕಡಿಮೆಯಾಗಿ ಸುರುಳಿಯ ಹಿಡಿತ ಸಡಿಲವಾಗುತ್ತದೆ. ಸುರುಳಿಯ ಉದ್ದ ಬೋಲ್ಟಿನ ದಪ್ಪದ 1, 1.5, 2 ಪಟ್ಟು ಎಂದು ಬರುತ್ತದೆ. ಎಂ6 ಕವರ್ ಬೋಲ್ಟಿಗೆ ತೂತಿನ ಆಳ ಸಾಕಾದರೆ 12 ಮಿ.ಮೀ., ಇಲ್ಲದಿದ್ದರೆ 9 ಮಿ.ಮೀ. ತೆಗೆದುಕೊಳ್ಳಿ. ತೂತಿನ ಸುತ್ತಲಿನ ಗೋಡೆಯನ್ನೂ ಅಳೆಯಿರಿ: 7.3 ಮಿ.ಮೀ. ಕಳೆದ ಮೇಲೆ ಸುತ್ತಲೂ 2 ಮಿ.ಮೀ. ಉಳಿಯುವಂತಿರಬೇಕು.

ಡ್ರಿಲ್ ಮಾಡುವುದು

ಇಡೀ ರಿಪೇರಿ ನಿಂತಿರುವುದು ಈ ತೂತು ನೆಟ್ಟಗಿರುವುದರ ಮೇಲೆ. ಡ್ರಿಲ್ ಎರಡು ಡಿಗ್ರಿ ವಾಲಿದರೂ ಬೋಲ್ಟಿನ ತಲೆ ಕವರ್ ಮೇಲೆ ಒಂದು ಪಕ್ಕ ಮಾತ್ರ ಕೂರುತ್ತದೆ, ಅಲ್ಲಿಂದ ಆಯಿಲ್ ಜಿನುಗುತ್ತದೆ. ಭಾಗ ಬಿಚ್ಚಿ ತರುವಂಥದ್ದಾದರೆ ಬೆಂಚ್ ಡ್ರಿಲ್‌ನಲ್ಲೇ ಮಾಡಿ.

ಕೇಸ್ ಬೈಕಿನಲ್ಲೇ ಇದ್ದು ಕೈ ಡ್ರಿಲ್ ಹಿಡಿಯಬೇಕಾದರೆ ಕವರನ್ನೇ ದಾರಿ ತೋರುವ ಅಚ್ಚಾಗಿ ಬಳಸಬಹುದು. ಎಂ6 ಬೋಲ್ಟ್ ಹಾಯುವ ಕವರ್‌ನ ತೂತು ಸಾಮಾನ್ಯವಾಗಿ 6.5 ಮಿ.ಮೀ. ಆಸುಪಾಸು ಇರುತ್ತದೆ, 6.3ರ ಬಿಟ್ ಅದರಲ್ಲಿ ಅಲುಗಾಡದೆ ಇಳಿಯುತ್ತದೆ. ಗ್ಯಾಸ್ಕೆಟ್ ಇಲ್ಲದೆ ಕವರ್ ಕೂರಿಸಿ, ಕವರನ್ನು ಸರಿಯಾದ ಜಾಗಕ್ಕೆ ಕೂರಿಸುವ ಡೋವೆಲ್ ಪಿನ್‌ಗಳು ಜಾಗದಲ್ಲಿವೆಯೇ ನೋಡಿ, ಉಳಿದ ಬೋಲ್ಟ್‌ಗಳನ್ನು ಮೆಲ್ಲಗೆ ಬಿಗಿ ಮಾಡಿ, ಹೋದ ತೂತಿನ ಮೂಲಕವೇ ಡ್ರಿಲ್ ಇಳಿಸಿ. ತೂತು ನೆಟ್ಟಗೂ ಬರುತ್ತದೆ, ಮಧ್ಯಕ್ಕೂ ಬರುತ್ತದೆ. ಬಿಟ್ ತೂತಿಗೆ ಹಿಡಿಯದಿದ್ದರೆ ಕವರನ್ನು ದೊಡ್ಡದು ಮಾಡಲು ಹೋಗಬೇಡಿ. ಬೆಂಚ್ ಡ್ರಿಲ್‌ನಲ್ಲಿ 6.3 ಮಿ.ಮೀ. ತೂತು ಹೊಡೆದ 25 ಮಿ.ಮೀ. ದಪ್ಪದ ಗಟ್ಟಿ ಮರದ ತುಂಡನ್ನು ಕೇಸ್ ಮೇಲೆ ಹಿಡಿದು ಅದರ ಮೂಲಕ ಇಳಿಸಿ.

ಶುರು ಮಾಡುವ ಮೊದಲು ಬಿಟ್ಟಿಗೆ ಟೇಪ್ ಸುತ್ತಿ ಆಳದ ಗುರುತು ಮಾಡಿ, ಕವರಿನ ದಪ್ಪವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಮುಚ್ಚಿದ ತೂತಾದರೆ ಹಳೆಯ ತಳಕ್ಕಿಂತ ಕೆಳಗೆ ಇಳಿಯಲೇಬಾರದು. ಅದರ ಹಿಂದೆ ಆಯಿಲ್ ದಾರಿಯೋ ಬೇರಿಂಗ್ ಮನೆಯೋ ಇರಬಹುದು. ತೆರೆದ ಎಂಜಿನ್ ಬಾಯಿಗೆ ಬಟ್ಟೆ ತುರುಕಿ, ಅದರ ಮೇಲೆ ಅಂಚಿಗೆಲ್ಲ ಗ್ರೀಸ್ ಹಚ್ಚಿ. ಚೂರು ಅಲ್ಲೇ ಅಂಟಿಕೊಳ್ಳುತ್ತದೆ. ವೇಗ ಕಡಿಮೆ ಇರಲಿ, ಸೀಮೆಎಣ್ಣೆ ಅಥವಾ ಡಬ್ಲ್ಯುಡಿ-40 ಹಾಕುತ್ತಿರಿ. ಒಣಗಿದ ಬಿಟ್ಟಿಗೆ ಅಲ್ಯೂಮಿನಿಯಂ ಅಂಟಿಕೊಂಡು ತೂತು ಅಳತೆ ಮೀರುತ್ತದೆ. ಕಣ್ಣಿಗೆ ಕನ್ನಡಕ ಇರಲೇಬೇಕು.

ಟ್ಯಾಪ್ ಹೊಡೆಯುವುದು

ಇಲ್ಲಿ ಪವರ್ ಡ್ರಿಲ್ ಬಳಸಬೇಡಿ, ಕೈ ಹಿಡಿಕೆಯೇ ಸರಿ. ಮೊದಲ ಎರಡು ಸುತ್ತು ನೆಟ್ಟಗೆ ಹೋದರೆ ಮುಂದೆ ಟ್ಯಾಪ್ ತಾನೇ ದಾರಿ ಹಿಡಿಯುತ್ತದೆ. ಆದ್ದರಿಂದ ಎರಡನೆಯ ಸುತ್ತಾದ ಮೇಲೆ ನಿಲ್ಲಿಸಿ, ಮೂಲೆಮಟ್ಟವನ್ನು (ಟ್ರೈ ಸ್ಕ್ವೇರ್) ಟ್ಯಾಪ್ ಪಕ್ಕ ಎರಡು ದಿಕ್ಕಿನಲ್ಲಿ ಇಟ್ಟು ನೋಡಿ. ವಾಲಿದ್ದರೆ ಪೂರ್ತಿ ಹೊರತೆಗೆದು ಮತ್ತೆ ಶುರು ಮಾಡಿ, ಕೂತ ಟ್ಯಾಪನ್ನು ಒತ್ತಿ ನೆಟ್ಟಗೆ ಮಾಡಬೇಡಿ.

ಆಮೇಲೆ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ತಿರುಗಿಸುವಾಗ ಚೂರು ಮುರಿಯುವ ಸಣ್ಣ ಸಡಿಲಿಕೆ ಕೈಗೆ ಗೊತ್ತಾಗುತ್ತದೆ. ಎರಡು ಮೂರು ಸುತ್ತಿಗೊಮ್ಮೆ ಟ್ಯಾಪನ್ನು ಪೂರ್ತಿ ತೆಗೆದು, ಹಲ್ಲುಜ್ಜುವ ಹಳೆಯ ಬ್ರಷ್‌ನಲ್ಲಿ ಚೂರು ತೆಗೆದು, ಮತ್ತೆ ಸೀಮೆಎಣ್ಣೆ ಹಚ್ಚಿ ಇಳಿಸಿ. ಮುಚ್ಚಿದ ತೂತಿನಲ್ಲಿ ಕೊನೆಯ ಥ್ರೆಡ್‌ಗಳನ್ನು ತುದಿ ಚೂಪಿಲ್ಲದ ಟ್ಯಾಪಿನಿಂದ ಮುಗಿಸಬೇಕು. ಕಿಟ್‌ನಲ್ಲಿ ಒಂದೇ ಚೂಪು ಟ್ಯಾಪ್ ಇದ್ದರೆ ತಳದ ಮೂರು ನಾಲ್ಕು ಥ್ರೆಡ್ ಪೂರ್ತಿಯಾಗಿರುವುದಿಲ್ಲ, ಅಲ್ಲಿಗೆ ಗಿಡ್ಡ ಸುರುಳಿ ಹಾಕಿ.

ಟ್ಯಾಪ್ ತಳ ಮುಟ್ಟಿದಾಗ ಒಮ್ಮೆಲೇ ಗಟ್ಟಿಯಾಗುತ್ತದೆ. ಅಲ್ಲಿಂದ ಮುಂದೆ ಬಲ ಹಾಕಿದರೆ ಮುರಿಯುತ್ತದೆ, ಮುರಿದ ಟ್ಯಾಪ್ ಮಾಮೂಲಿ ಡ್ರಿಲ್‌ಗೆ ಜಗ್ಗುವುದಿಲ್ಲ. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಸ್ಪಾರ್ಕ್ ಎರೋಷನ್ ಯಂತ್ರ (ವಿದ್ಯುತ್ ಕಿಡಿಯಿಂದ ಲೋಹ ಕೊರೆಯುವುದು) ಇರುವವರು ತೆಗೆದುಕೊಡುತ್ತಾರೆ, ಭಾಗವನ್ನು ಬಿಚ್ಚಿ ಒಯ್ಯಬೇಕು ಅಷ್ಟೇ.

ಟ್ಯಾಪ್ ಮುಗಿದ ಮೇಲೆ ತೂತಿನ ಬಾಯಿ ನೋಡಿ. ಥ್ರೆಡ್ ಕಿತ್ತಾಗ ಬಾಯಿಯ ಸುತ್ತ ಅಲ್ಯೂಮಿನಿಯಂ ಸ್ವಲ್ಪ ಉಬ್ಬಿರುತ್ತದೆ. ಬೆರಳಾಡಿಸಿದರೆ ತಿಳಿಯುತ್ತದೆ. ಅದನ್ನು ಬಿಟ್ಟರೆ ಕವರ್ ಅಲ್ಲಿ ಕೂದಲೆಳೆಯಷ್ಟು ಎದ್ದು ನಿಲ್ಲುತ್ತದೆ, ಹೊಸ ಗ್ಯಾಸ್ಕೆಟ್ ಹಾಕಿದರೂ ಸೋರುತ್ತದೆ. ಚಪ್ಪಟೆ ಎಣ್ಣೆಕಲ್ಲಿನಿಂದ ಉಜ್ಜಿ ಸಮ ಮಾಡಿ, ದೊಡ್ಡ ಡ್ರಿಲ್ ಬಿಟ್ಟನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ ಅಂಚು ಮುರಿಯಿರಿ. ಬ್ರೇಕ್ ಕ್ಲೀನರ್ ಹೊಡೆದು, ಗಾಳಿ ಬಿಟ್ಟು, ಪೂರ್ತಿ ಒಣಗಿಸಿ.

ಸುರುಳಿ ಕೂರಿಸುವುದು

ಸುರುಳಿಯ ಕೆಳತುದಿಯಲ್ಲಿ ಅಡ್ಡಲಾಗಿ ಒಂದು ಬಾಲ ಇರುತ್ತದೆ. ಹಿಡಿಕೆಯ ಸೀಳಿಗೆ ಆ ಬಾಲ ಸಿಕ್ಕಬೇಕು. ಕೈಯಲ್ಲಿ ಹಿಡಿದಾಗ ಸುರುಳಿ ತೂತಿಗಿಂತ ದಪ್ಪಗಿರುತ್ತದೆ, ಗಾಬರಿ ಬೇಡ. ಬಾಲ ಹಿಡಿದು ತಿರುಗಿಸಿದಾಗ ಅದು ಕುಗ್ಗಿ ಇಳಿಯುತ್ತದೆ, ಬಿಟ್ಟಾಗ ಹಿಗ್ಗಿ ಥ್ರೆಡ್ಡಿಗೆ ಅಂಟಿ ನಿಲ್ಲುತ್ತದೆ. ಅದಕ್ಕೇ ಅಂಟು ಬೇಕಿಲ್ಲ.

ಮೇಲಿನಿಂದ ಒತ್ತದೆ, ಬೆರಳಿನಲ್ಲಿ ತಿರುಗಿಸುತ್ತಾ ಇಳಿಸಿ. ಒತ್ತಿದರೆ ಸುರುಳಿ ಒಂದು ಥ್ರೆಡ್ ಹಾರಿ ಅಡ್ಡ ಕೂರುತ್ತದೆ. ಮೇಲಿನ ತುದಿ ಕೇಸಿನ ಮೈಯಿಂದ ಕಾಲು ಸುತ್ತಿನಿಂದ ಅರ್ಧ ಸುತ್ತು ಕೆಳಗೆ ಹೋದಾಗ ನಿಲ್ಲಿಸಿ. ತುದಿ ಮೈ ಮಟ್ಟಕ್ಕೇ ಉಳಿದರೆ ಬೋಲ್ಟ್ ಬಿಗಿಯಾಗುವಾಗ ಅದನ್ನು ಮೇಲಕ್ಕೆಳೆದು ಗ್ಯಾಸ್ಕೆಟ್ ಕೆಳಗೆ ತರುತ್ತದೆ. ಹೆಚ್ಚು ಕೆಳಗೆ ಹೋಯಿತೆಂದು ಹಿಂದೆ ತಿರುಗಿಸಬೇಡಿ, ಹಿಡಿಕೆ ಬಾಲದಿಂದ ಕಳಚುತ್ತದೆ, ಸುರುಳಿ ಜಗ್ಗಿ ಹಾಳಾಗುತ್ತದೆ. ಕೆಟ್ಟ ಸುರುಳಿಯನ್ನು ಮೂತಿ ಉದ್ದದ ಇಕ್ಕಳದಲ್ಲಿ ಮೇಲಿನ ತುದಿ ಹಿಡಿದು ಒಳಮುಖವಾಗಿ ಎಳೆದು ತೆಗೆದು ಹೊಸದು ಹಾಕಿ. ಥ್ರೆಡ್ಡಿಗೆ ಏನೂ ಆಗಿರುವುದಿಲ್ಲ.

ಬಾಲ ಮುರಿಯಲು ಪಂಚ್ ಇಳಿಸಿ, ಸುತ್ತಿಗೆಯಿಂದ ಒಂದೇ ಚುರುಕು ಏಟು ಕೊಡಿ. ಅದಕ್ಕಾಗಿಯೇ ಅಲ್ಲಿ ಸಣ್ಣ ಕಚ್ಚು ಕೊರೆದಿರುತ್ತಾರೆ. ಮುರಿದ ತುಂಡು ಕೈಗೆ ಸಿಗುವವರೆಗೆ ಮುಂದಿನ ಕೆಲಸಕ್ಕೆ ಹೋಗಬೇಡಿ. ಸ್ಟೇನ್‌ಲೆಸ್ ಆದ್ದರಿಂದ ಮ್ಯಾಗ್ನೆಟ್ಟನ್ನು ನಂಬುವಂತಿಲ್ಲ, ಕಡ್ಡಿಯ ತುದಿಗೆ ಗ್ರೀಸ್ ಹಚ್ಚಿ ಎತ್ತಿ. ತೂತು ಒಳಗಡೆ ಎಂಜಿನ್‌ಗೆ ತೆರೆದಿದ್ದರೆ ಪಂಚ್ ಬೇಡ, ಇಕ್ಕಳದಲ್ಲಿ ಬಾಲ ಹಿಡಿದು ಮೇಲೆ ಕೆಳಗೆ ಬಗ್ಗಿಸಿ ಮುರಿದು ಹಾಗೇ ಹೊರತನ್ನಿ. ಮುಚ್ಚಿದ ತೂತಿನಲ್ಲಿ ಬೋಲ್ಟ್ ಬಾಲದವರೆಗೆ ಬರುವುದಿಲ್ಲ ಎಂದಾದರೆ ಅದನ್ನು ಹಾಗೇ ಬಿಡಬಹುದು.

ಈಗ ಬೋಲ್ಟನ್ನು ಬೆರಳಿನಲ್ಲೇ ಪೂರ್ತಿ ಇಳಿಸಿ ನೋಡಿ. ಎಲ್ಲೂ ತಡೆಯಬಾರದು.

ಬಿಗಿ ಎಷ್ಟು

ಅಲ್ಯೂಮಿನಿಯಂನಲ್ಲಿ 6 ಮಿ.ಮೀ. ಕವರ್ ಬೋಲ್ಟಿಗೆ 8ರಿಂದ 10 ನ್ಯೂಟನ್ ಮೀಟರ್, 8 ಮಿ.ಮೀ.ಗೆ 20ರಿಂದ 25. ಬೈಕಿನ ಸರ್ವಿಸ್ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ. 10 ನ್ಯೂಟನ್ ಮೀಟರ್ ಅಂದರೆ ಬೋಲ್ಟಿನಿಂದ 10 ಸೆಂ.ಮೀ. ದೂರದಲ್ಲಿ ಪಾನಾ ಹಿಡಿದು ಸುಮಾರು 10 ಕಿಲೋ ಬಲ, 20 ಸೆಂ.ಮೀ. ದೂರದಲ್ಲಿ ಹಿಡಿದರೆ ಬರೀ 5 ಕಿಲೋ. ಉದ್ದ ಪಾನಾ ಥ್ರೆಡ್ ಕೀಳುವುದು ಹೀಗೆಯೇ. ಗಾಳಿ ಗನ್ನಿನಲ್ಲಿ ಕವರ್ ಬೋಲ್ಟ್ ಬಿಗಿಮಾಡಲು ಯಾರಿಗೂ ಬಿಡಬೇಡಿ. ಟಾರ್ಕ್ ರೆಂಚ್ ಕೊಳ್ಳುವುದಾದರೆ 5ರಿಂದ 25 ನ್ಯೂಟನ್ ಮೀಟರ್ ಅಳತೆಯದ್ದು ತನ್ನಿ, ಕಾರಿನ ಚಕ್ರಕ್ಕೆ ಬಳಸುವ ದೊಡ್ಡದು ಇಲ್ಲಿ ಕೆಲಸಕ್ಕೆ ಬಾರದು. ಈ ಅಂಕಿಗಳು ಒಣ ಥ್ರೆಡ್ಡಿಗೆ. ಎಣ್ಣೆಯೋ, ಥ್ರೆಡ್ ಕಚ್ಚಿಕೊಳ್ಳದಂತೆ ಹಚ್ಚುವ ಆಂಟಿ ಸೀಜ್ ಪೇಸ್ಟೋ ಹಚ್ಚಿದ್ದರೆ ಕಾಲು ಭಾಗದಷ್ಟು ಇಳಿಸಿ, ಏಕೆಂದರೆ ಜಾರುವ ಥ್ರೆಡ್‌ನಲ್ಲಿ ಅಷ್ಟೇ ಬಲ ಬೋಲ್ಟನ್ನು ಹೆಚ್ಚು ಎಳೆಯುತ್ತದೆ.

ಆಯಿಲ್ ಡ್ರೈನ್ ಬೋಲ್ಟ್

ಹಳೆಯ ವಾಷರ್ರನ್ನೇ ಮತ್ತೆ ಮತ್ತೆ ಹಾಕಿ, ಸೋರಿದಾಗಲೆಲ್ಲ ಇನ್ನಷ್ಟು ಬಿಗಿ ಮಾಡುವುದರಿಂದ ಇದು ಹೋಗುತ್ತದೆ. ಹೋಂಡಾ ವಿನ್ಯಾಸದ ಚಿಕ್ಕ ಎಂಜಿನ್‌ಗಳಲ್ಲಿ, 17ರ ಪಾನಾ ಹಿಡಿಯುವ ಈ ಬೋಲ್ಟ್ ಸಾಮಾನ್ಯವಾಗಿ 12 ಮಿ.ಮೀ., ಪಿಚ್ 1.5. ಪದೇ ಪದೇ ಬಿಚ್ಚುವ ಜಾಗವಾದ್ದರಿಂದ ಇಲ್ಲಿ ತಂತಿ ಸುರುಳಿಗಿಂತ ಒಳಗೂ ಹೊರಗೂ ಥ್ರೆಡ್ ಇರುವ ಗಟ್ಟಿ ಸ್ಟೀಲ್ ಬುಷ್ ನಮ್ಮ ಆಯ್ಕೆ. ಸುತ್ತ ಸಾಕಷ್ಟು ಗೋಡೆ ಇದ್ದರೆ 12.5 ಮಿ.ಮೀ. ಡ್ರಿಲ್ ಮಾಡಿ, 14 ಮಿ.ಮೀ., ಪಿಚ್ 1.5ರ ಟ್ಯಾಪ್ ಹೊಡೆದು ದೊಡ್ಡ ಬೋಲ್ಟ್ ಹಾಕುವುದೂ ಒಳ್ಳೆಯ ರಿಪೇರಿಯೇ. ವಾಷರ್ ಕೂಡ 14ರದ್ದು ಬೇಕು. ತಾನೇ ಥ್ರೆಡ್ ಕೊರೆದುಕೊಳ್ಳುತ್ತದೆಂದು ಮಾರುವ ಬೋಲ್ಟ್ ಬೇಡ, ಅದು ವಾಲಿ ಇಳಿದು ಕೇಸ್ ಸೀಳುತ್ತದೆ.

ಟ್ಯಾಪ್‌ನ ಉದ್ದನೆಯ ಸಂದುಗಳಿಗೆ ಗ್ರೀಸ್ ತುಂಬಿಕೊಂಡು ಹೊಡೆಯಿರಿ, ಚೂರು ಗ್ರೀಸಿಗೆ ಅಂಟಿ ಹೊರಬರುತ್ತದೆ. ವಾಷರ್ ಕೂರುವ ಮೈಗೆ ಗೆರೆ ಬೀಳಬಾರದು. ತೂತಿನ ಬಾಯಿಯ ಅಂಚು ಹೆಚ್ಚು ಅಗಲವಾದರೆ ವಾಷರ್ ಒತ್ತಲು ಜಾಗವಿಲ್ಲದೆ ಆಯಿಲ್ ಸುರುಳಿಯ ಹಿಂಬದಿಯಿಂದ ಇಳಿಯುತ್ತದೆ. ಮುಗಿದ ಮೇಲೆ ಬೋಲ್ಟ್ ಹಾಕುವ ಮೊದಲು ಮೇಲಿನಿಂದ 200 ಮಿ.ಲೀ. ಹೊಸ ಆಯಿಲ್ ಸುರಿದು ಕೆಳಗೆ ಹರಿಯಲು ಬಿಡಿ, ಜಾಲರಿ ಫಿಲ್ಟರ್ ಇದ್ದರೆ ಬಿಚ್ಚಿ ತೊಳೆಯಿರಿ.

ಸ್ಪಾರ್ಕ್ ಪ್ಲಗ್ ಥ್ರೆಡ್

ಇದನ್ನು ಸಿಲಿಂಡರ್ ಮೇಲಿನ ಹೆಡ್ ಬಿಚ್ಚದೆ ಮಾಡುವವರಿದ್ದಾರೆ. ಒಂದೇ ಸಿಲಿಂಡರ್‌ನ ಬೈಕಿನಲ್ಲಿ ಹೆಡ್ ಬಿಚ್ಚುವುದು ದೊಡ್ಡ ಕೆಲಸವಲ್ಲ, ಅಲ್ಯೂಮಿನಿಯಂ ಚೂರು ಸಿಲಿಂಡರ್ ಗೀರಿದರೆ ಬೀಳುವ ಖರ್ಚು ದೊಡ್ಡದು. ಬಿಚ್ಚಿಯೇ ಮಾಡಿ. ಹಳೆಯ ಬೈಕುಗಳಲ್ಲಿ ಹೆಚ್ಚಾಗಿ 14 ಮಿ.ಮೀ., ಪಿಚ್ 1.25, ಈಗಿನ 100 ಸಿಸಿ ಬೈಕುಗಳಲ್ಲಿ 10 ಮಿ.ಮೀ., ಪಿಚ್ 1.0 ಸಾಮಾನ್ಯ. ಬುಷ್ ಅಥವಾ ಸುರುಳಿಯ ಉದ್ದ ಪ್ಲಗ್ಗಿನ ಥ್ರೆಡ್ ಉದ್ದಕ್ಕೆ, ಅಂದರೆ 12.7 ಅಥವಾ 19 ಮಿ.ಮೀ.ಗೆ, ಸರಿಹೊಂದಬೇಕು. ದಹನ ಕೋಣೆಯೊಳಗೆ ಚಾಚಿದ ತುದಿ ಕೆಂಪಗೆ ಕಾದು ಕಿಡಿ ಬರುವ ಮೊದಲೇ ಪೆಟ್ರೋಲ್ ಹೊತ್ತಿಸುತ್ತದೆ. ಗಿಡ್ಡವಾದರೆ ಪ್ಲಗ್ಗಿನ ಬರಿಯ ಥ್ರೆಡ್ಡಿಗೆ ಇಂಗಾಲ ಕೂತು ಮುಂದಿನ ಸಲ ಬಿಚ್ಚುವಾಗ ಮತ್ತೆ ಥ್ರೆಡ್ ಕೀಳುತ್ತದೆ. ಪ್ಲಗ್ ಕೂರುವ ಮೈ ಥ್ರೆಡ್ಡಿಗೆ ನೇರವಾಗಿರಬೇಕು, ಆದ್ದರಿಂದ ಇದನ್ನು ಲೇತ್ ಅಂಗಡಿಯಲ್ಲಿ ಬುಷ್ ಹಾಕಿಸುವುದೇ ಸರಿ.

ಇದಾದ ಮೇಲೆ ಎಂಜಿನ್ ಪೂರ್ತಿ ತಣ್ಣಗಾದಾಗ ಮಾತ್ರ ಪ್ಲಗ್ ಬಿಚ್ಚಿ. ಹಾಕುವಾಗ ಪ್ಲಗ್ಗಿನ ಮೇಲ್ತುದಿಗೆ ಪೆಟ್ರೋಲ್ ಟ್ಯೂಬಿನ ತುಂಡು ಸಿಕ್ಕಿಸಿ ಅದನ್ನೇ ಹಿಡಿದು ತಿರುಗಿಸಿ. ಥ್ರೆಡ್ ಅಡ್ಡ ಹತ್ತಿದರೆ ರಬ್ಬರ್ ಜಾರುತ್ತದೆ, ಹೆಡ್ ಉಳಿಯುತ್ತದೆ. 10 ಮಿ.ಮೀ. ಪ್ಲಗ್ಗಿಗೆ 10ರಿಂದ 12, 14 ಮಿ.ಮೀ.ಗೆ 25ರಿಂದ 30 ನ್ಯೂಟನ್ ಮೀಟರ್ ಸಾಕು.

ಸೈಲೆನ್ಸರ್ ಹಿಡಿದಿಡುವ ಸ್ಟಡ್‌ಗಳಲ್ಲಿ (ತಲೆಯಿಲ್ಲದ ಬೋಲ್ಟ್) ತೊಂದರೆ ತುಕ್ಕಿನದು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಮರುದಿನ ಹೆಡ್ಡಿನ ಆ ಭಾಗವನ್ನು ಹಾಟ್ ಏರ್ ಗನ್ನಿನಲ್ಲಿ ಬಿಸಿ ಮಾಡಿ. ಒಂದೇ ಬಿಸಿಗೆ ಅಲ್ಯೂಮಿನಿಯಂ ಸ್ಟೀಲ್‌ಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುವುದರಿಂದ ಹಿಡಿತ ಬಿಡುತ್ತದೆ. ಥ್ರೆಡ್ ಹೋಗಿದ್ದರೆ ಸುರುಳಿ ಹಾಕಿ, ಹೊಸ ಸ್ಟಡ್ಡಿಗೆ ತಾಮ್ರದ ಆಂಟಿ ಸೀಜ್ ಹಚ್ಚಿ ಕೂರಿಸಿ.

ತೂತಿನ ಗೋಡೆ ಆಗಲೇ ಸೀಳಿದ್ದರೆ ಹೆಲಿಕಾಯಿಲ್ ಹಿಡಿಯುವುದಿಲ್ಲ. ಆರ್ಗಾನ್ ವೆಲ್ಡಿಂಗ್ ಮಾಡುವವರಲ್ಲಿ ತುಂಬಿಸಿ, ಸಮ ಮಾಡಿಸಿ, ಎಂ6ಕ್ಕೆ 5 ಮಿ.ಮೀ. ಹೊಸ ತೂತು ಹೊಡೆದು ಮಾಮೂಲಿ ಟ್ಯಾಪ್ ಹಾಕಿಸಬೇಕು. ಒಯ್ಯುವ ಮೊದಲು ಆಯಿಲ್ ಅಂಶ ಪೂರ್ತಿ ಹೋಗುವಂತೆ ತೊಳೆಯಿರಿ, ಉಳಿದರೆ ವೆಲ್ಡ್ ತೂತುತೂತಾಗಿ ಅಲ್ಲಿಂದಲೂ ಆಯಿಲ್ ಜಿನುಗುತ್ತದೆ.

ಬ್ರೇಕ್ ಕ್ಯಾಲಿಪರ್ ಮತ್ತು ಮಾಸ್ಟರ್ ಸಿಲಿಂಡರ್‌ನಲ್ಲಿ ಬ್ರೇಕ್ ಪೈಪಿನ ಬೋಲ್ಟ್ ಕೂರುವ ಥ್ರೆಡ್ ಹೋದರೆ ಇಲ್ಲಿ ಹೇಳಿದ ಯಾವ ಕ್ರಮವನ್ನೂ ಮಾಡಬೇಡಿ. ಆ ಭಾಗವನ್ನೇ ಹೊಸದು ಹಾಕಿಸಿ. ಕ್ಯಾಲಿಪರ್ ಹಿಡಿದಿಡುವ ಬೋಲ್ಟಿನ ಥ್ರೆಡ್ ಫೋರ್ಕ್ ಕಾಲಿನಲ್ಲಿ ಹೋಗಿದ್ದರೂ ಅಷ್ಟೇ, ಫೋರ್ಕ್ ಕಾಲು ಬದಲಾಗಬೇಕು. ಅಲ್ಲಿಯವರೆಗೆ ಬೈಕ್ ರಸ್ತೆಗೆ ಇಳಿಸಬೇಡಿ.